ಉಗುಳಬಾರದ ಔಷಧಿ

ಶಿಕಾರಿಪುರದ ಮೆಕ್ಕೆಜೋಳದ ದಲ್ಲಾಳಿ ಹುಚ್ಚರಾಯಪ್ಪನವರು ಉಂಡ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುತ್ತಿದ್ದರು. ಬಡತನದಿಂದ ಬಂದ ಅಭ್ಯಾಸವಲ್ಲ ಅದು, ಭಕ್ತಿಯಿಂದ ಬಂದದ್ದು. ಹೆಂಡತಿ ತೀರಿಕೊಂಡ ವರ್ಷ ಮಠದಲ್ಲಿ ಒಂದು ನೇಮ ಹಿಡಿದಿದ್ದರು. ಲಿಂಗಪೂಜೆಗೆ ಮೊದಲು ಬಾಯಿಗೆ ಏನೂ ಹೋಗಬಾರದು. ಲಿಂಗಕ್ಕೆ ತೋರಿಸದೆ ಏನನ್ನೂ ತಿನ್ನಬಾರದು. ತೋರಿಸಿದ ಮೇಲೆ ಅದು ಪ್ರಸಾದ, ಪ್ರಸಾದದಲ್ಲಿ ಒಂದು ಅಗುಳೂ ಕೆಡಬಾರದು. ಇಂಥ ನೇಮದವರು ಊರಲ್ಲಿ ಬೇರೆಯವರೂ ಇದ್ದರು, ಅವರು ತಮ್ಮ ಪಾಡಿಗೆ ತಾವು ನಡೆಸಿಕೊಂಡು ಹೋಗುತ್ತಿದ್ದರು. ಹುಚ್ಚರಾಯಪ್ಪನವರು ಮಾತ್ರ ಮನೆಯವರೆಲ್ಲರ ಬಾಯಿಯನ್ನೂ ಸೇರಿಸಿ ನೇಮ ಹಿಡಿದಿದ್ದರು. ಒಬ್ಬರ ಭಕ್ತಿಗೆ ಇನ್ನೊಬ್ಬರ ಹೊಟ್ಟೆ ಕಾಯಬೇಕೆಂದರೆ ಅದಕ್ಕೆ ಯಜಮಾನಿಕೆ ಎನ್ನುತ್ತಾರೆ, ಯಾರು ಏನೇ ಹೇಳಲಿ.

ಊರಿನವರಿಗೆ ಅವರ ಮೇಲೆ ಬಹಳ ಗೌರವ. ತೂಕದಲ್ಲಿ ಮೋಸ ಮಾಡಿದವರಲ್ಲ. ತಾಳಗುಂದದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಜೋಳ ತಂದ ರೈತ ಹಸಿದಿದ್ದರೆ ಮನೆಗೆ ಕರೆದು ಪಕ್ಕದಲ್ಲೇ ಕೂರಿಸಿ ಉಣ್ಣಿಸುತ್ತಿದ್ದರು. ಮಗ ನಾಗರಾಜ ಮೂವತ್ತೈದು ದಾಟಿದ್ದರೂ ಅಪ್ಪನ ಎದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅದನ್ನೂ ಊರು ಸಂಸ್ಕಾರ ಎಂದೇ ಕರೆಯಿತು. ಸೊರಬದಿಂದ ಬಂದ ಸೊಸೆ ನೀಲಾಂಬಿಕ ಏನೆಂದು ಕರೆಯುತ್ತಿದ್ದಳೋ ಯಾರೂ ಕೇಳಲಿಲ್ಲ.

ಒಂದನ್ನು ಮಾತ್ರ ಒಪ್ಪಲೇಬೇಕು. ಮೊಮ್ಮಗಳು ಧನ್ಯಾ ಎಂದರೆ ಅವರಿಗೆ ಜೀವ. ಏಳು ವರ್ಷದ ಹುಡುಗಿಯನ್ನು 'ನಮ್ಮವ್ವ' ಎಂದೇ ಕರೆಯುತ್ತಿದ್ದರು. ಸಂಜೆಯಾದರೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಂಡಕ್ಕಿ ಮೆಣಸಿನಕಾಯಿ ಕೊಡಿಸಲು ಹೊರಡುತ್ತಿದ್ದರು. ಅವಳು ವಚನ ಹೇಳಿದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಅವಳಿಗೂ ಅಷ್ಟೇ, ಅಜ್ಜ ಹೇಳಿದ್ದು ವೇದವಾಕ್ಯ. ಕೆಟ್ಟ ಮುದುಕನಾಗಿದ್ದರೆ ಹುಡುಗಿ ಉಳಿದುಕೊಳ್ಳುವ ದಾರಿ ಸುಲಭವಾಗಿರುತ್ತಿತ್ತು. ಪ್ರೀತಿಸುವವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಧನ್ಯಾಗೆ ಉಬ್ಬಸ ಇತ್ತು. ಜಡಿಮಳೆ ಹಿಡಿದರೆ, ಅಥವಾ ಸುಗ್ಗಿಯಲ್ಲಿ ಜೋಳದ ಧೂಳು ಎದ್ದರೆ, ಎದೆಯೊಳಗೆ ಸಿಳ್ಳೆ ಶುರುವಾಗಿ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. ಹಿಪ್ಪಲಿ ಕಷಾಯ, ವೀಳ್ಯದೆಲೆ ರಸ, ತಾಯಿತ, ಎಲ್ಲಾ ಆಗಿತ್ತು. ತೊಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ನೀಲಾಂಬಿಕ ಹಟ ಹಿಡಿದು ಗಂಡನ ಜೊತೆ ಶಿವಮೊಗ್ಗದ ಮಕ್ಕಳ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಆತ ಒಂದು ಪಾರದರ್ಶಕ ಪ್ಲಾಸ್ಟಿಕ್ ಸಾಧನ ಕೊಟ್ಟರು. ಅದರೊಳಗೆ ಗುಳಿಗೆ ಇಟ್ಟು ತಿರುವಿದರೆ ಗುಳಿಗೆ ಒಡೆದು ಪುಡಿ ಬೀಳುತ್ತದೆ, ಬಾಯಿಟ್ಟು ಜೋರಾಗಿ ಎಳೆದುಕೊಳ್ಳಬೇಕು.

"ನೋಡಮ್ಮ, ಇದು ನುಂಗೋ ಗುಳಿಗೆ ಅಲ್ಲ. ನುಂಗಿದ್ರೆ ಎದೆಗೆ ಹೋಗಲ್ಲ," ಎಂದು ಡಾಕ್ಟರು ಎರಡು ಡಬ್ಬಿ ಮುಂದಿಟ್ಟರು. "ಈ ಕಂದು ಬಣ್ಣದ್ದು ದಿನಾ, ಬೆಳಿಗ್ಗೆ ಸಂಜೆ. ಮಗು ಕುಣೀತಾ ಇದ್ರೂ ಕೊಡ್ಬೇಕು. ಒಳಗಿನ ಬಾವು ಇಳಿಸೋದು ಇದೇ, ನಿಧಾನಕ್ಕೆ ಇಳಿಸುತ್ತೆ. ಉಬ್ಬಸ ಬಂದ ಹೊತ್ತಲ್ಲಿ ಇದು ಕೆಲಸಕ್ಕೆ ಬರಲ್ಲ, ಅವಾಗ ಈ ನೀಲಿದು. ಚೆನ್ನಾಗಿದಾಳೆ ಅಂತ ನಿಮ್ಮಷ್ಟಕ್ಕೆ ನೀವೇ ಕಂದುದನ್ನ ನಿಲ್ಲಿಸ್ಬೇಡಿ. ಎಳೆದ ಮೇಲೆ ಪ್ರತಿಸಲ ಬಾಯಿ ಮುಕ್ಕಳಿಸಿ ಉಗುಳಿಸಿ. ಉಗುಳದೆ ಇದ್ರೆ ಬಾಯಲ್ಲಿ ಬಿಳಿ ಹುಣ್ಣಾಗುತ್ತೆ, ದನಿ ಒಡೆಯುತ್ತೆ."

ನೀಲಾಂಬಿಕ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಳು. ಎರಡು ಬಣ್ಣದ ಗುಳಿಗೆಯನ್ನೂ ಸಾಧನವನ್ನೂ ಒಂದೇ ಸ್ಟೀಲಿನ ಡಬ್ಬಿಯಲ್ಲಿಟ್ಟು ತನ್ನ ಸೀರೆಗಳ ಕೆಳಗೆ ಇಟ್ಟುಕೊಂಡಳು. ಮಾವನವರು ಪೂಜೆಗೆ ಕೂತ ಹೊತ್ತಲ್ಲಿ ಬಚ್ಚಲಮನೆಯಲ್ಲಿ ಮಗಳಿಗೆ ಎಳೆಸಿ, ಉಗುಳಿಸಿ, ಬಾಯಿ ಒರೆಸಿ ಶಾಲೆಗೆ ಕಳಿಸುತ್ತಿದ್ದಳು. ಆ ಮಳೆಗಾಲವೆಲ್ಲಾ ಹುಡುಗಿಗೆ ಉಬ್ಬಸ ಬರಲಿಲ್ಲ. ಹೆತ್ತ ಮೇಲೆ ಮೊದಲ ಸಲ ನೀಲಾಂಬಿಕ ಮಳೆಯ ಸದ್ದು ಕೇಳುತ್ತಾ ನಿದ್ದೆ ಮಾಡಿದಳು. ಹುಚ್ಚರಾಯಪ್ಪನವರು ಇದು ತಾಯಿತದ ಮಹಿಮೆ ಎಂದುಕೊಂಡು ಖುಷಿಯಲ್ಲಿದ್ದರು.

ಶ್ರಾವಣದಲ್ಲಿ ಸಿಕ್ಕಿಬಿದ್ದಳು. ಪೂಜೆಗೆ ಬಿಲ್ವಪತ್ರೆ ಸಾಲದೆ ಮಾವನವರು ನಡುವೆ ಎದ್ದು ಬಂದರು, ಬಚ್ಚಲಮನೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ.

"ಏನದು ಹುಡುಗಿ ಬಾಯಾಗೆ?"

"ಔಷಧಿ ಮಾವಾರೆ. ಶಿವಮೊಗ್ಗದ್ದು."

"ಪೂಜಿ ಆಗ್ಯದೇನು?"

ನೀಲಾಂಬಿಕ ಸಾಧನವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವರು ಕೂಗಾಡುವ ಜಾತಿಯವರಲ್ಲ. ಸುಮ್ಮನೆ ಹೋಗಿ ಪೂಜೆ ಮುಗಿಸಿ, ಊಟಕ್ಕೆ ಏಳದೆ ಗೋಡೆಗೊರಗಿ ಕೂತುಬಿಟ್ಟರು. ಕೂಗಿದ್ದರೆ ಒಳ್ಳೆಯದಿತ್ತು. ಮಾವ ಉಪವಾಸ ಕೂತ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಅವರ ಜೋಳದ ಅಂಗಡಿಗೆ ಮುಟ್ಟಿತು, ಸಂಜೆಯ ಹೊತ್ತಿಗೆ ಅಂಜನಾಪುರದ ನೆಂಟರೂ ಬಂದು ಸೊಸೆಗೆ ಬುದ್ಧಿ ಹೇಳಿ ಹೋದರು. ನಾಗರಾಜನಿಗೆ ಅದು ಗಂಟಲಲ್ಲಿ ಸಿಕ್ಕ ಬಿಸಿತುಪ್ಪ. ನುಂಗಿದರೆ ಹೆಂಡತಿ, ಉಗುಳಿದರೆ ಅಪ್ಪ. ಕೊನೆಗೆ ಅವನೇ ದಾರಿ ಹುಡುಕಿದ. "ಅಪ್ಪಾಜಿ, ಔಷಧಿನೂ ಪೂಜಿ ಆದಮೇಲೆ ಕೊಟ್ರೆ ಆತಲ್ಲ?"

ಹುಚ್ಚರಾಯಪ್ಪನವರು ಗೋಡೆ ಬಿಟ್ಟು ನೆಟ್ಟಗೆ ಕೂತರು. "ಕೊಡ್ಲಿ. ನಾನೇನು ಹಳೇಕಾಲದೋನಲ್ಲ. ಡಬ್ಬಿ ದಿನಾ ಪೂಜಿಗೆ ಇಡ್ಲಿ. ಶಿವಂಗೆ ತೋರ್ಸಿ, ಪ್ರಸಾದ ಅಂತ ನಾನೇ ಕೊಡ್ತೀನಿ."

ಎಂಥ ದೊಡ್ಡ ಮನಸ್ಸು ಎಂದು ನೆಂಟರು ಕೊಂಡಾಡಿದರು. ನೀಲಾಂಬಿಕಳೂ ನಿಟ್ಟುಸಿರುಬಿಟ್ಟಳು. ಎಲ್ಲಿ ಎಡವಿದೆ ಎಂದು ಅವಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ.

ಮಾವನವರು ಡಬ್ಬಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಒಂದು ಕಂದು ಗುಳಿಗೆ ತೆಗೆದು ಮೊಮ್ಮಗಳ ಅಂಗೈಗೆ ಕೊಟ್ಟರು. ಅವಳು ಕಣ್ಣಿಗೊತ್ತಿಕೊಂಡು ಅಮ್ಮನಿಗೆ ಕೊಟ್ಟಳು. ನೀಲಾಂಬಿಕ ಸಾಧನದಲ್ಲಿಟ್ಟು ಎಳೆಸಿದಳು, ಲೋಟದ ನೀರು ಬಾಯಿಗೆ ಹಾಕಿ ಬಚ್ಚಲಿನ ಕಡೆ ತಿರುಗಿಸಿದಳು.

"ಎಲ್ಲಿಗೆ?"

"ಉಗುಳಿಸ್ಬೇಕು ಮಾವಾರೆ. ಡಾಕ್ಟ್ರು ಹೇಳಿದಾರೆ."

"ಪ್ರಸಾದಾನ?" ಎಂದರು ಹುಚ್ಚರಾಯಪ್ಪನವರು. "ಬಚ್ಚಲಿಗಾ?"

ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ ಧನ್ಯಾ ಅಜ್ಜನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಗುಟುಕ್ಕೆಂದು ನುಂಗಿದಳು. ಅಜ್ಜ ತಲೆ ಸವರಿ, "ನಮ್ಮವ್ವ ನೋಡು, ಯಾರೂ ಹೇಳಿಕೊಡದೇ ತಿಳೀತದೆ," ಎಂದರು. ಹುಡುಗಿ ಹಿಗ್ಗಿಹೋದಳು.

ಅಲ್ಲಿಂದ ಮುಂದೆ ದಿನಾ ಅದೇ ಆಯಿತು. ಶಾಲೆಗೆ ಬಿಡಲು ಹೋಗುವ ದಾರಿಯಲ್ಲಾದರೂ ಉಗುಳಿಸೋಣವೆಂದು ನೀಲಾಂಬಿಕ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡಳು. ಮಗಳೇ ಬಾಯಿ ಬಿಗಿಹಿಡಿದಳು. "ಪ್ರಸಾದ ಉಗುಳಿದ್ರೆ ಆ ಬಾಯಿಗೆ ಶಿವ ಮತ್ತೆ ಬರಲ್ಲಂತೆ. ವಚನ ಹೇಳಕ್ಕೇ ಬರಲ್ಲಂತೆ. ಅಜ್ಜ ಹೇಳಿದಾರೆ." ಬೈದು, ಗಲ್ಲ ಹಿಡಿದು, ಕೊನೆಗೆ ಬೆನ್ನಿಗೆ ಒಂದೇಟು ಹಾಕಿದಳು ನೀಲಾಂಬಿಕ. ಹೊಡೆದದ್ದಕ್ಕೆ ಅವಳಿಗೇ ಅಳು ಬಂತು. ಸಂಜೆ ಹುಡುಗಿ ಅಜ್ಜನ ತೊಡೆಯೇರಿ ಕೂತು ಅಮ್ಮ ಹೊಡೆದಳು ಎಂದಳು. ಯಾಕೆ ಎಂದು ಹೇಳಲಿಲ್ಲ, ಅಷ್ಟು ನಿಯತ್ತು ಅಮ್ಮನ ಮೇಲೂ ಇತ್ತು.

ಡಾಕ್ಟರು ಹೇಳಿದ್ದು ಹೇಳಿದ ಹಾಗೇ ಬಂತು. ಭಾದ್ರಪದದ ಹೊತ್ತಿಗೆ ಧನ್ಯಾ ಬಿಸಿ ಊಟಕ್ಕೆ ಮುಖ ಕಿವುಚತೊಡಗಿದಳು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಮಚ್ಚೆ. ದನಿ ಗೊಗ್ಗರಾಯಿತು. ಅದೇ ವಾರ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇತ್ತು. ಪಾದಪೂಜೆಯಾದ ಮೇಲೆ ಧನ್ಯಾ ವಚನ ಹೇಳುವುದು ಮನೆಯ ಪದ್ಧತಿ. ಬಂದವರೆಲ್ಲಾ ಅದಕ್ಕೇ ಕಾಯುತ್ತಿದ್ದರು. ಹುಡುಗಿ ಮೊದಲ ಸಾಲು ಎತ್ತಿದಳು, ಹೊರಗೆ ಗಾಳಿ ಮಾತ್ರ ಬಂತು. ಇನ್ನೊಮ್ಮೆ ಎತ್ತಿದಳು. ಯಾರೋ ನಕ್ಕರು. ಅವಳು ಓಡಿಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತುಕೊಂಡಳು.

ಸ್ವಾಮಿಗಳು ಏನಾಯಿತೆಂದು ಕೇಳಿದರು. ನೀಲಾಂಬಿಕ ಸೆರಗು ಹೊದ್ದು ಮುಂದೆ ಬಂದು, ಔಷಧಿಯ ವಿಷಯ, ಉಗುಳಬೇಕಾದ ವಿಷಯ, ಪ್ರಸಾದದ ವಿಷಯ ಎಲ್ಲವನ್ನೂ ಹೇಳಿಬಿಟ್ಟಳು. ಸ್ವಾಮಿಗಳು ವಯಸ್ಸಾದವರು, ಸಕ್ಕರೆ ಕಾಯಿಲೆಗೆ ತಾವೇ ದಿನಾ ಗುಳಿಗೆ ತೆಗೆದುಕೊಳ್ಳುವವರು. ನಕ್ಕುಬಿಟ್ಟರು. "ಔಷಧೀನ ಔಷಧಿ ತರ ತಗೊಳ್ರಿ ಹುಚ್ಚರಾಯಪ್ಪ. ಮಗು ಉಗುಳ್ಲಿ. ಶಿವ ಏನೂ ಅಂದ್ಕಳಲ್ಲ."

ಹುಚ್ಚರಾಯಪ್ಪನವರು ಕೈಮುಗಿದರು. ಸ್ವಾಮಿಗಳ ಕಾರು ಬೀದಿ ತಿರುಗುವ ತನಕ ಮುಗಿದೇ ಇದ್ದರು. ಆಮೇಲೆ ಮಗನಿಗೆ ಹೇಳಿದರು, "ಗುರುಗಳು ಪರೀಕ್ಷೆ ಮಾಡಿದ್ರು ನನ್ನ. ನಮ್ಮ ನೇಮ ಎಷ್ಟು ಗಟ್ಟಿ ಐತಿ ಅಂತ ನೋಡಿದ್ರು." ಗುರು ಹೌದೆಂದರೂ ಹೌದು, ಬೇಡವೆಂದರೂ ಹೌದು. ಇಂಥ ಭಕ್ತಿಗೆ ಗುರುವಿನ ಅಗತ್ಯವೇನಿದೆಯೋ ಆ ಶಿವನಿಗೇ ಗೊತ್ತು. ಸೊಸೆಗೆ ಒಂದೇ ಮಾತು ಹೇಳಿದರು. "ಹತ್ತು ಜನದ ಮುಂದೆ ನನ್ನ ಬಾಯಿಗೆ ಮಣ್ಣು ಹಾಕ್ದೆಲ್ಲವ್ವ." ಆ ದಿನದಿಂದ ಅವಳು ಬಡಿಸಿದ್ದನ್ನು ಅವರು ಉಣ್ಣಲಿಲ್ಲ. ನಾಗರಾಜ ಬಡಿಸಿದ.

ದಸರೆ ರಜೆ ಬಂದಾಗ ನೀಲಾಂಬಿಕ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಜೊತೆ ಸೊರಬದ ಬಸ್ಸು ಹತ್ತಿದಳು. ತವರಿನಲ್ಲಿ ಅಣ್ಣ ಚಂದ್ರಶೇಖರಪ್ಪ ಹೈಸ್ಕೂಲು ಮೇಷ್ಟ್ರು. ಸೊರಬದ ಡಾಕ್ಟರು ಹುಡುಗಿಯ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಹಚ್ಚಲು ಹನಿ ಬರೆದುಕೊಟ್ಟು, ಇದು ಔಷಧಿಯ ತಪ್ಪಲ್ಲ, ಉಗುಳದೇ ಇದ್ದುದರ ತಪ್ಪು, ಕಂದು ಗುಳಿಗೆಯನ್ನು ನಿಲ್ಲಿಸಲೇಬಾರದು ಎಂದರು. ಆದರೆ ಧನ್ಯಾ ಅಲ್ಲೂ ನುಂಗಿದಳು. ಪೂಜೆಗೆ ಇಡದ ಗುಳಿಗೆ ಎಂದರೂ ಕೇಳಲಿಲ್ಲ. ಅಜ್ಜ ಡಬ್ಬಿಗೇ ವಿಭೂತಿ ಹಚ್ಚಿದ್ದರಲ್ಲ, ಎಲ್ಲವೂ ಪ್ರಸಾದವೇ ಎಂದಳು.

ಮೇಷ್ಟ್ರು ತಲೆ ಕೆರೆದುಕೊಂಡರು. ಮರುದಿನ ತಾವೂ ಒಂದು ಲೋಟ ನೀರು ಹಿಡಿದು ಅಂಗಳಕ್ಕೆ ಬಂದರು. "ಎಂತ ಮಾರಾಯ್ತಿ, ನಿಂಗೆ ದೂರ ಉಗುಳೋಕೆ ಬರಲ್ವಾ? ನಾನಾದ್ರೆ ಆ ದಾಸವಾಳದ ಗಿಡ ದಾಟಿಸ್ತೀನಿ ನೋಡು." ದಾಟಿಸಿದರು. ಧನ್ಯಾಗೆ ತಡೆಯಲಾಗಲಿಲ್ಲ. ಅವಳ ನೀರು ಅವಳ ಕಾಲ ಮೇಲೆಯೇ ಬಿತ್ತು, ಬಿದ್ದು ಬಿದ್ದು ನಕ್ಕಳು. ಆಮೇಲೆ ಬೆಳಿಗ್ಗೆ ಸಂಜೆ ಸೋದರಮಾವನಿಗೂ ಹುಡುಗಿಗೂ ಪಂದ್ಯ. ವಾರದಲ್ಲಿ ಬಾಯಿ ಕೆಂಪಗೆ ಸ್ವಚ್ಛವಾಯಿತು, ಗಂಟಲು ತಿಳಿಯಾಯಿತು. ಒಂದು ದಿನ ಗುಡವಿಗೆ ಹಕ್ಕಿ ನೋಡಲು ಕರೆದುಕೊಂಡು ಹೋದರು. ಮರದ ತುಂಬಾ ಕೂತಿದ್ದ ಬಿಳಿ ಹಕ್ಕಿಗಳನ್ನು ನೋಡಿ ಹುಡುಗಿ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಿದಳು. ನೀಲಾಂಬಿಕ ಹಿಂದೆಯೇ ಹೋಗಿ ಮಗಳ ಬೆನ್ನಿಗೆ ಕಿವಿಯಿಟ್ಟು ಕೇಳಿದಳು. ಸಿಳ್ಳೆ ಇರಲಿಲ್ಲ. ತಂಗಿ ಅಷ್ಟು ಸುಖವಾಗಿ ನಕ್ಕಿದ್ದನ್ನು ಅಣ್ಣ ನೋಡಿ ವರ್ಷಗಳಾಗಿದ್ದವು.

"ಇಲ್ಲೇ ಇರು ಕಣೇ. ಶಾಲೆ ಇಲ್ಲಿಲ್ವಾ ಎಂತ?" ಎಂದರು ಅವರು.

ಇದ್ದುಬಿಡಬೇಕಿತ್ತು. ಆದರೆ ನಾಗರಾಜ ಬಂದ. ಅಪ್ಪ ಒಪ್ಪಿದ್ದಾರೆ, ಹುಡುಗಿ ಇಲ್ಲದೆ ಸರಿಯಾಗಿ ಉಂಡೂ ಇಲ್ಲ, ಉಗುಳಲಿ ಎಂದಿದ್ದಾರೆ ಎಂದ. ಅಪ್ಪ ಹಾಗೆ ಅಂದೇ ಇರಲಿಲ್ಲ. ಒಂದು ಸಲ ಮನೆಗೆ ಬಂದರೆ ಎಲ್ಲಾ ಸರಿಹೋಗುತ್ತದೆ ಎಂದು ನಾಗರಾಜ ನಂಬಿದ್ದ. ಪುಕ್ಕಲರ ಸುಳ್ಳಿನಲ್ಲಿ ಯಾವಾಗಲೂ ಒಂದಿಷ್ಟು ಒಳ್ಳೆಯ ಉದ್ದೇಶ ಇರುತ್ತದೆ, ಅದಕ್ಕೇ ಅದು ಇತರರ ಸುಳ್ಳಿಗಿಂತ ಹೆಚ್ಚು ಜನರನ್ನು ಹಾಳು ಮಾಡುತ್ತದೆ.

ದೀಪಾವಳಿಯ ಮುಂಚೆ ವಾಪಸ್ ಬಂದರು. ಧನ್ಯಾ ಅಜ್ಜನ ಕೊರಳಿಗೆ ಜೋತುಬಿದ್ದಳು. ತಿಳಿಯಾದ ದನಿಯಲ್ಲಿ ವಚನ ಹೇಳಿದಳು. ಅಜ್ಜ ಕಣ್ಣೊರೆಸಿಕೊಂಡು, "ಶಿವ ಬಾಯಿಗೆ ತಿರುಗಿ ಬಂದ ನೋಡು," ಎಂದರು. ಹುಡುಗಿಯ ಮುಖ ಬಾಡಿತು. ಪಾಪ, ಅವಳಿಗೆ ಒಳಗೊಳಗೇ ಅದು ಕೊರೆಯುತ್ತಿತ್ತು.

"ಅಜ್ಜಾ, ನಾನು ಸೊರಬದಾಗೆ ಉಗುಳ್ದೆ," ಎಂದಳು. "ದಿನಾ ಉಗುಳ್ದೆ. ದಾಸವಾಳದ ಗಿಡಕ್ಕೆ."

ಹುಚ್ಚರಾಯಪ್ಪನವರು ಅವಳನ್ನು ಬೈಯಲಿಲ್ಲ. ಕೆನ್ನೆ ಸವರಿ, ನಿನ್ನ ತಪ್ಪಲ್ಲ ತಗೋ ಎಂದರು. ಮಗುವಿನ ಕೈಲಿ ಪಾಪ ಮಾಡಿಸುವ ಈ ಔಷಧಿಯೇ ಮನೆಯಲ್ಲಿ ಬೇಡ ಎಂದು ಆ ಗಳಿಗೆಯಲ್ಲೇ ತೀರ್ಮಾನ ಮಾಡಿದರು. ಮರುದಿನ ಬೆಳಿಗ್ಗೆ ಪೂಜೆಗೆ ಡಬ್ಬಿ ತರಿಸಿದರು. ನೀಲಾಂಬಿಕ, ಉಗುಳಲು ಒಪ್ಪಿದ್ದಾರಲ್ಲ ಎಂಬ ಧೈರ್ಯದಲ್ಲಿ ತಂದಿಟ್ಟಳು. ಧನ್ಯಾ ಎಂದಿನಂತೆ ಅಂಗೈ ಚಾಚಿ ಪಕ್ಕದಲ್ಲಿ ಕೂತಳು.

ಎಸೆಯುವಂತಿರಲಿಲ್ಲ. ಪ್ರಸಾದ ಕೆಡಬಾರದು. ಹೊಳೆಗೆ ಬಿಡುವುದು, ಮಣ್ಣಲ್ಲಿ ಹೂಳುವುದು, ಅಂಗಡಿಗೆ ವಾಪಸ್ ಕೊಡುವುದು ಯಾವುದೂ ನೇಮಕ್ಕೆ ಸರಿಹೋಗುವುದಿಲ್ಲ. ಹುಚ್ಚರಾಯಪ್ಪನವರು ಸಾಧನವನ್ನು ಪಕ್ಕಕ್ಕಿಟ್ಟು ಡಬ್ಬಿಯನ್ನು ಅಂಗೈಗೆ ಬಗ್ಗಿಸಿಕೊಂಡರು. ಕಂದು, ನೀಲಿ ಎರಡೂ ಬೆರೆತು ಬಂದವು. ಹಿಡಿಗಟ್ಟಲೆ ಬಾಯಿಗೆ ಹಾಕಿಕೊಂಡು, ಪಾದೋದಕ ಕುಡಿದು, ನುಂಗಿದರು. ಇನ್ನೊಂದು ಹಿಡಿ ಹಾಕಿಕೊಂಡರು. ಡಬ್ಬಿ ಬರಿದಾದ ಮೇಲೆ ಅದಕ್ಕೆ ನೀರು ಹಾಕಿ ಅಲ್ಲಾಡಿಸಿ ಆ ನೀರನ್ನೂ ಕುಡಿದರು.

"ಮಾವಾರೆ!" ಎಂದು ಚೀರಿದಳು ನೀಲಾಂಬಿಕ. "ಅದು ಕೂಸಿನ ಉಸಿರು ಮಾವಾರೆ! ನೀಲೀದೂ ತಿಂದ್ರಾ? ಉಬ್ಬಸ ಬಂದ್ರೆ ಏನ್ ಕೊಡ್ಲಿ ನಾನು?"

"ಉಬ್ಬಸ ಬರಂಗಿಲ್ಲ," ಎಂದರು ಅವರು. "ಅವಳ ಪಾಲಿಂದು ನಾನು ತಗೊಂಡೀನಿ."

ಬೆಳಿಗ್ಗೆಯೆಲ್ಲಾ ಅವರ ಕೈ ಸಣ್ಣಗೆ ನಡುಗಿತು, ಎದೆ ಡವಡವ ಎಂದಿತು. ಅದು ಗುಳಿಗೆಯ ಕೆಲಸ. ಅವರು ಅದನ್ನು ಕೃಪೆ ಎಂದುಕೊಂಡರು. ಅಂಗಡಿಗೆ ಬಂದವರಿಗೆಲ್ಲಾ ನಡುಗುವ ಕೈ ಚಾಚಿ ತೋರಿಸಿದರು. ಬಂದವರು ಆ ಕೈ ಮುಟ್ಟಿ ನಮಸ್ಕಾರ ಮಾಡಿದರಂತೆ.

ಶಿಕಾರಿಪುರದ ಔಷಧಿ ಅಂಗಡಿಗಳಲ್ಲಿ ಆ ಗುಳಿಗೆ ಆಗ ಸಿಗುತ್ತಿರಲಿಲ್ಲ. ಶಿವಮೊಗ್ಗಕ್ಕೆ ಹೋಗಿ ತಾ ಎಂದು ನೀಲಾಂಬಿಕ ಗಂಡನ ಕಾಲು ಹಿಡಿದಳು. ಸೋಮವಾರ ಎಂದ. ಸೋಮವಾರ ಅಂಗಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ಬುಧವಾರ ಎಂದ, ಬುಧವಾರವೂ ಹೋಗಲಿಲ್ಲ. ಅವಳು ಎಸ್‌ಟಿಡಿ ಬೂತಿನಿಂದ ಅಣ್ಣನ ಶಾಲೆಗೆ ಫೋನು ಮಾಡಿದಳು. ಭಾನುವಾರ ನಾನೇ ತಂದುಕೊಡುತ್ತೇನೆ, ಹುಡುಗಿಯನ್ನು ಧೂಳಿಗೆ ಬಿಡಬೇಡ ಎಂದರು ಮೇಷ್ಟ್ರು. ಧನ್ಯಾ ಮಾತ್ರ ಚೆನ್ನಾಗಿಯೇ ಇದ್ದಳು. ಔಷಧಿ ಇಲ್ಲದೆ ಎಷ್ಟು ಚೆನ್ನಾಗಿದ್ದಾಳೆ ನೋಡು ಎಂದು ನಾಗರಾಜನೂ ಹೇಳತೊಡಗಿದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇವರಿನ್ನೂ ದೋಣಿಯಲ್ಲೇ ಇದ್ದರು, ಅಂಬಿಗನನ್ನು ನೀರಿಗೆ ತಳ್ಳಿಯಾಗಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಹೊತ್ತಿಗೆ ಹುಚ್ಚರಾಯಪ್ಪನವರೇ ಸ್ಕೂಟರಿನಲ್ಲಿ ಹೋಗಿ ಮೊಮ್ಮಗಳನ್ನು ಅಂಗಡಿಗೆ ಕರೆದುಕೊಂಡು ಬಂದರು. ಹೊಸ ಜೋಳ ಕಾಳು ಬಿಡಿಸುವ ಯಂತ್ರಕ್ಕೆ ಬಿದ್ದಿತ್ತು, ಅಂಗಳದ ತುಂಬಾ ಹೊಟ್ಟು ಹಾರುತ್ತಿತ್ತು. ಅವರಿಗೆ ಬೇಕಾದದ್ದೂ ಅದೇ. ಹೋದ ವರ್ಷ ಈ ಹೊತ್ತಿಗೆ ಅಂಗಡಿಯ ಹತ್ತಿರ ಸುಳಿಯಲಾಗದ ಹುಡುಗಿ ಈಗ ಜೋಳದ ರಾಶಿಯ ಮೇಲೆ ಜಾರುವುದನ್ನು ಎಲ್ಲರೂ ನೋಡಲಿ. ಧನ್ಯಾ ಜಾರಿದಳು, ಹತ್ತಿದಳು, ಮತ್ತೆ ಜಾರಿದಳು. ಕೆಮ್ಮು ಬಂದಾಗ ಅಜ್ಜನಿಗೆ ಬೇಜಾರಾದೀತೆಂದು ಚೀಲಗಳ ಹಿಂದೆ ಹೋಗಿ ಕೆಮ್ಮಿದಳು. ಹಮಾಲಿಯೊಬ್ಬ ನೋಡಿ ಕೂಗುವ ಹೊತ್ತಿಗೆ ಅವಳು ಎರಡೂ ಕೈ ಮೊಣಕಾಲ ಮೇಲೆ ಊರಿ, ಕತ್ತು ಮುಂದೆ ಚಾಚಿ ಕೂತಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಹುಚ್ಚರಾಯಪ್ಪನವರು ಅವಳ ಹಣೆಗೆ ವಿಭೂತಿ ಹಚ್ಚಿ, ಮಲಗಿಸಲು ನೋಡಿದರು. ಮಲಗಿದರೆ ಉಸಿರೇ ಸಿಗದೆ ಅವಳು ಅವರ ಅಂಗಿ ಹಿಡಿದು ಏಳುತ್ತಿದ್ದಳು. ಸುದ್ದಿ ಮುಟ್ಟಿ ನೀಲಾಂಬಿಕ ಬರಿಗಾಲಲ್ಲಿ ಓಡಿಬಂದಳು. ಯಾರನ್ನೂ ಮಾತಾಡಿಸದೆ ಮಗಳನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಆಟೋ ಹತ್ತಿದಳು. ದಾರಿಯುದ್ದಕ್ಕೂ ಹುಡುಗಿಯ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು, ಬಸ್ ಸ್ಟ್ಯಾಂಡು ದಾಟುವಾಗ ಅದು ನಿಂತಿತು. ಸಿಳ್ಳೆ ನಿಲ್ಲುವುದು ಇನ್ನೂ ಕೆಟ್ಟದ್ದೆಂದು ನೀಲಾಂಬಿಕಳಿಗೆ ಗೊತ್ತಿತ್ತು. ಆಟೋದವನಿಗೆ ಏನೆಂದು ಕೂಗಿದಳೋ ಅವಳಿಗೇ ಆಮೇಲೆ ನೆನಪಿರಲಿಲ್ಲ.

ನರ್ಸಿಂಗ್ ಹೋಮಿನ ಡಾಕ್ಟರು ಇನ್ನೂ ಎಳೆ ವಯಸ್ಸಿನವರು, ಚುರುಕು ಮನುಷ್ಯ. ಆಮ್ಲಜನಕ ಕೊಟ್ಟರು, ಸೂಜಿ ಹಾಕಿದರು, ಮುಖಕ್ಕೆ ಮಾಸ್ಕ್ ಕಟ್ಟಿ ಹಬೆಯಂಥ ಔಷಧಿ ಬಿಟ್ಟರು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು. ಹುಡುಗಿ ಉಳಿದಳು. ಬಾಗಿಲಲ್ಲಿ ಹುಚ್ಚರಾಯಪ್ಪನವರೂ ನಾಗರಾಜನೂ ನಿಂತಿದ್ದರು. ಮುದುಕ ಮಗುವಿನ ಹಾಗೆ ಅಳುತ್ತಿದ್ದರು, ಸುಳ್ಳು ಅಳುವಲ್ಲ.

ಡಾಕ್ಟರು ಮಂಚದ ಪಕ್ಕ ನಿಂತು ನೀಲಾಂಬಿಕಳ ಕಡೆ ತಿರುಗಿದರು. "ದಿನಾ ಕೊಡೋ ಔಷಧಿ ಕೊಡ್ತಾ ಇದ್ರಾ?"

"ಇಲ್ಲ ಸಾರ್. ನಿಂತುಹೋಗಿತ್ತು."

"ಗೊತ್ತಿತ್ತು ನಂಗೆ. ಚೆನ್ನಾಗಿದಾಳೆ ಅಂತ ನಿಲ್ಲಿಸಿಬಿಟ್ರಿ. ನಿಮ್ಮಂಥ ತಾಯಂದಿರಿಗೆ ಎಷ್ಟು ಸಲ ಹೇಳ್ಬೇಕ್ರಿ? ಇನ್ನು ಹತ್ತು ನಿಮಿಷ ತಡ ಆಗಿದ್ರೆ ಹೆಣ ತಗೊಂಡು ಹೋಗ್ತಿದ್ರಿ."

"ನಾನು ನಿಲ್ಲಿಸಿಲ್ಲ ಸಾರ್. ನಮ್ಮ ಮಾವಾರು ಅಷ್ಟನ್ನೂ ಪ್ರಸಾದ ಅಂತ ತಿಂದ್ರು."

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಬಿಳಿ ಪಂಚೆ, ವಿಭೂತಿ, ಒದ್ದೆ ಕಣ್ಣಿನ ಮುದುಕನನ್ನು ನೋಡಿದರು. ಕೆದರಿದ ಕೂದಲಿನ, ಬರಿಗಾಲಿನ ಹೆಂಗಸನ್ನು ನೋಡಿದರು. ಯಾರಾದರೂ ಯಾರನ್ನು ನಂಬುತ್ತಾರೆ? ಹುಚ್ಚರಾಯಪ್ಪನವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಶಿವನೇ ಎಂದು ನಿಟ್ಟುಸಿರುಬಿಟ್ಟರು. ಡಾಕ್ಟರು ನಾಗರಾಜನನ್ನು ಕೇಳಿದರು. "ಏನ್ರಿ, ನಿಜವಾ?"

ನಾಗರಾಜ ನೆಲ ನೋಡಿದ. "ಅವಳಿಗೆ ಗಾಬರಿ ಆಗೈತಿ ಸಾರ್. ಏನೇನೋ ಮಾತಾಡ್ತಾಳೆ."

"ಅವಳನ್ನೇ ಕೇಳಿ!" ಎಂದಳು ನೀಲಾಂಬಿಕ. "ಧನ್ಯಾ, ಹೇಳು ಪುಟ್ಟಿ. ಗುಳಿಗೆ ಯಾರು ತಿಂದ್ರು? ನೋಡಿದೀಯಲ್ಲ ನೀನು? ಹೇಳು."

ಧನ್ಯಾ ಮಾಸ್ಕನ್ನು ಕೈಯಿಂದ ಸರಿಸಿದಳು. ಅಮ್ಮನನ್ನು ನೋಡಿದಳು. ಆಮೇಲೆ ಅಜ್ಜನನ್ನು ನೋಡಿದಳು. ಅಜ್ಜನ ಗಲ್ಲ ನಡುಗುತ್ತಿತ್ತು, ಎಲ್ಲರೂ ಅಜ್ಜನನ್ನು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಅಜ್ಜನಿಗೆ ಯಾರೂ ಬೈದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಮ್ಮನಿಗಾದರೆ ಬೈಸಿಕೊಂಡು ಅಭ್ಯಾಸವಿತ್ತು.

"ಅಮ್ಮ ಕೊಡ್ಲಿಲ್ಲ," ಎಂದಳು ಹುಡುಗಿ.

ನೀಲಾಂಬಿಕಳಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ಜಾರಿದ ಮಾಸ್ಕನ್ನು ತಾನೇ ಎತ್ತಿ ಮಗಳ ಮೂಗಿಗೆ ಸರಿಯಾಗಿ ಕೂರಿಸಿದಳು.

ಡಾಕ್ಟರು ತಲೆಯಾಡಿಸುತ್ತಾ ಕಪಾಟಿಗೆ ಹೋದರು. ಶಿವಮೊಗ್ಗದಿಂದ ತಾವೇ ತರಿಸಿಟ್ಟಿದ್ದ ಕಂದು ಗುಳಿಗೆಯ ಡಬ್ಬಿ, ನೀಲಿ ಗುಳಿಗೆಯ ಡಬ್ಬಿ ಎರಡನ್ನೂ ತಂದರು. ನೀಲಾಂಬಿಕ ಕೈ ಚಾಚಿದಳು. ಅವರು ಆ ಕೈ ದಾಟಿ ಬಾಗಿಲಿಗೆ ಹೋದರು.

"ಅಜ್ಜಾರೆ, ಇನ್ಮೇಲೆ ಇದು ನಿಮ್ಮ ಜವಾಬ್ದಾರಿ. ಮನೇಲಿ ತಲೆ ನೆಟ್ಟಗಿರೋರು ಒಬ್ಬರಾದ್ರೂ ನೋಡ್ಕೋಬೇಕು. ಇವರ ಕೈಗೆ ಕೊಡಲೇಬೇಡಿ. ದಿನಾ ನೀವೇ ಕೈಯಾರೆ ಕೊಡಿ."

"ಉಗುಳಿಸ್ಬೇಕು ಅಂತ ಹೇಳ್ರಿ ಸಾರ್," ಎಂದಳು ನೀಲಾಂಬಿಕ ಹಿಂದಿನಿಂದ. "ನಂಗೆ ಏನಾದ್ರೂ ಅನ್ರಿ. ಅದೊಂದು ಹೇಳ್ರಿ."

"ಹಾಂ, ಬಾಯಿ ಮುಕ್ಕಳಿಸಿ ಉಗುಳಿಸ್ಬೇಕು. ಗೊತ್ತಲ್ಲ ಅಜ್ಜಾರೆ?"

"ಎಲ್ಲಾ ಗೊತ್ತೈತ್ರಿ ಸಾಹೇಬ್ರೆ," ಎಂದರು ಹುಚ್ಚರಾಯಪ್ಪನವರು. ಕಾಲಿನ ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ ಡಬ್ಬಿಗಳನ್ನು ತೆಗೆದುಕೊಂಡರು. ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೇ ಕಣ್ಣಿಗೊತ್ತಿಕೊಂಡರು.